ಹಾಜರಾತಿ ಯಂತ್ರಕ್ಕೆ ದಕ್ಕದ ಶ್ರದ್ಧೆ

ಸರ್ಕಾರಿ ಕಚೇರಿಗಳ ಕೆಲಸ ಸುಧಾರಿಸಬೇಕೆಂಬ ಮಾತು ಬಂದಾಗಲೆಲ್ಲ ಆಡಳಿತದ ಕಣ್ಣು ಹಾಜರಾತಿ ಯಂತ್ರದತ್ತ ಹೊರಳುತ್ತದೆ. ಖಾಸಗಿ ಸಂಸ್ಥೆಗಳಲ್ಲಾದರೆ ಬೋನಸ್ಸಿನತ್ತ. ಎರಡರ ಹಿಂದಿರುವ ನಂಬಿಕೆ ಒಂದೇ: ಹೊರಗಿನಿಂದ ಯಾರಾದರೂ ತಳ್ಳದ ಹೊರತು ನೌಕರ ಅಲುಗುವುದಿಲ್ಲ. ಈ ಅರ್ಧಸತ್ಯದ ಮೇಲೆ ಕಟ್ಟಿದ ನೀತಿಗಳಿಗೆ ನಾವು ತೆರುತ್ತಿರುವ ಬೆಲೆ ದೊಡ್ಡದೆಂದು ನನಗನಿಸುತ್ತದೆ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದು, ಅವುಗಳ ಪೈಕಿ 140ರಲ್ಲಿ ಬೆರಳಚ್ಚಿನ ಹಾಜರಾತಿ ವ್ಯವಸ್ಥೆಯನ್ನು ಅಳವಡಿಸಿ ನಡೆಸಿದ ಅಧ್ಯಯನವನ್ನು ಅರ್ಥಶಾಸ್ತ್ರಜ್ಞರಾದ ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ 2014ರಲ್ಲಿ ಮಂಡಿಸಿದರು. ವೈದ್ಯಕೀಯ ಸಿಬ್ಬಂದಿಯ ಹಾಜರಾತಿ ಸುಮಾರು ಶೇ 15ರಷ್ಟು ಏರಿತ್ತು. ಕಡಿಮೆ ತೂಕದ ಶಿಶುಗಳ ಜನನ ತಗ್ಗಿತ್ತು. ಇದು ಕಡೆಗಣಿಸುವ ಸಾಧನೆಯಲ್ಲ. ಬಾಗಿಲು ಮುಚ್ಚಿದ ಆಸ್ಪತ್ರೆಯಿಂದ ಬಡ ಗರ್ಭಿಣಿಗೆ ಯಾವ ಪ್ರಯೋಜನವೂ ಇಲ್ಲ. ಆದರೆ ಹಾಜರಾತಿ ಏರಿದ್ದು ಮುಖ್ಯವಾಗಿ ನರ್ಸ್‌ಗಳು, ಪ್ರಯೋಗಾಲಯ ತಂತ್ರಜ್ಞರು, ಔಷಧ ವಿತರಕರಲ್ಲಿ, ವೈದ್ಯರಲ್ಲಿ ಅಲ್ಲ. ಗೈರುಹಾಜರಾದವರ ಮೇಲಿನ ಕ್ರಮವೂ ಕಾಗದದಲ್ಲಿದ್ದಂತೆ ಜಾರಿಯಾಗಲಿಲ್ಲ. ಅಂಕುಶಕ್ಕೂ ಒಂದು ಮಿತಿಯಿದೆ ಎಂಬುದು ಇಲ್ಲಿನ ಪಾಠ. ಅದು ಮನುಷ್ಯನನ್ನು ಕುರ್ಚಿಯವರೆಗೆ ತರಬಲ್ಲದು. ಕುರ್ಚಿಯಲ್ಲಿ ಕೂತವನು ಎದುರಿಗೆ ನಿಂತವರ ಅಳಲನ್ನು ಕಿವಿಗೊಟ್ಟು ಕೇಳುತ್ತಾನೆಯೇ ಎಂಬುದು ಅವನ ಮನಸ್ಸಿಗೆ ಬಿಟ್ಟ ವಿಷಯ.

ಆ ಮನಸ್ಸು ತಾನಾಗಿ ಎಚ್ಚೆತ್ತುಕೊಂಡ ನಿದರ್ಶನಗಳೂ ನಮ್ಮಲ್ಲಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿಯ ಶಾಲಾ ಪದ್ಧತಿಯನ್ನು ನೋಡಿ ಬಂದ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ತಾವೇ ಕಲಿಕಾ ಕಾರ್ಡುಗಳನ್ನು ರಚಿಸಿದರು, ಹಾಡು-ಆಟಗಳನ್ನು ಹೊಂದಿಸಿದರು. ಅದೇ ಇಲಾಖೆ, ಅದೇ ಸಂಬಳ, ಅದೇ ಸೋರುವ ಕೊಠಡಿ. ಬದಲಾದದ್ದು ಒಂದೇ: ಪಾಠ ಹೇಗಿರಬೇಕೆಂದು ಯೋಚಿಸುವ ಅಧಿಕಾರ ಪಾಠ ಹೇಳುವವರ ಕೈಗೆ ಬಂದಿತ್ತು. 2009-10ರಲ್ಲಿ ಈ ಪದ್ಧತಿ ರಾಜ್ಯದಾದ್ಯಂತ ವಿಸ್ತರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಂದು ತಾಲ್ಲೂಕಿನ ಶಿಕ್ಷಕರ ಸೃಷ್ಟಿಯಾಗಿದ್ದದ್ದು ಉಳಿದವರ ಪಾಲಿಗೆ ಮೇಲಿನಿಂದ ಇಳಿದ ಸುತ್ತೋಲೆಯಾಯಿತು. ಕಾರ್ಡುಗಳನ್ನು ಮುದ್ರಿಸಿ ಹಂಚಬಹುದು. ಅವುಗಳನ್ನು ತಯಾರಿಸುವಾಗಿನ ಹುರುಪನ್ನು ಹಂಚಲಾಗದು.

ಈ ಹುರುಪಿನ ಮೂಲವನ್ನು ಮನೋವಿಜ್ಞಾನಿಗಳು ಹುಡುಕಿದ್ದಾರೆ. ಅಮೆರಿಕದ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಿದ ವಿದ್ಯಾರ್ಥಿಗಳ ಒಂದು ಗುಂಪಿಗೆ ಹಣ ಕೊಟ್ಟು ಮುಂದಿನ ಸುತ್ತಿನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಗುಂಪಿನವರು ಬಿಡುವಿನಲ್ಲಿ ಒಗಟಿಗೆ ಕೊಡುತ್ತಿದ್ದ ಸಮಯ ಕುಗ್ಗಿತು. ಮುಂದೆ ಡೆಸಿ ಮತ್ತು ರಿಚರ್ಡ್ ರಯಾನ್ ಮನುಷ್ಯನ ಒಳಗಿನ ಪ್ರೇರಣೆಗೆ ಮೂರು ಆಸರೆಗಳನ್ನು ಗುರುತಿಸಿದರು: ತನ್ನ ಕೆಲಸದ ಮೇಲೆ ತನಗಿರುವ ಸ್ವಾತಂತ್ರ್ಯ, ತಾನು ಸಮರ್ಥನೆಂಬ ಅರಿವು, ಜೊತೆಗಿರುವವರೊಡನೆ ಬಾಂಧವ್ಯ. ಕಾಯಕದ ಹಿರಿಮೆಯನ್ನು ಹನ್ನೆರಡನೆಯ ಶತಮಾನದಲ್ಲೇ ಕೇಳಿಸಿಕೊಂಡ ನಾಡಿಗೆ ಇದು ಹೊಸತೆನಿಸಲಾರದು.

ಆದರೆ ಇದೇ ಮಾತನ್ನು ದುರುಪಯೋಗ ಮಾಡಿಕೊಳ್ಳುವವರಿದ್ದಾರೆ. ಅವರ ಬಗ್ಗೆ ಎಚ್ಚರ ಅಗತ್ಯ. ಸೇವಾ ಮನೋಭಾವವನ್ನು ಕೊಂಡಾಡುತ್ತಲೇ ಕೂಲಿಯನ್ನು ಕಡಿಮೆ ಮಾಡುವ ಜಾಣ್ಮೆ ಅದು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ನೌಕರರೆಂದು ಪರಿಗಣಿಸದೆ ಸ್ವಯಂಸೇವಕಿಯರೆಂದು ಕರೆಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. ಅಂಥವರೇ ಮಾಸಿಕ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂರಬೇಕಾಯಿತು. ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿದ್ದು ಆ ಹೋರಾಟದ ಬಳಿಕವೇ. ಶ್ರದ್ಧೆಯಿಂದ ದುಡಿಯುವವರಿಗೂ ಮನೆ ಬಾಡಿಗೆ ಇರುತ್ತದೆ. ನ್ಯಾಯವಾದ ಸಂಬಳವನ್ನು ಯಾರೂ ಬಹುಮಾನವೆಂದು ಭಾವಿಸಬೇಕಿಲ್ಲ, ಅದು ಹಕ್ಕು. ಆ ಹಕ್ಕು ಈಡೇರಿದ ಮೇಲಷ್ಟೇ ಪ್ರೇರಣೆಯ ಮಾತಿಗೆ ಅರ್ಥ.

ಹಾಗಾದರೆ ಮಾಡಬೇಕಾದದ್ದೇನು? ಶಿಕ್ಷಕರನ್ನು ಮುಗಿಯದ ಅಂಕಿ-ಅಂಶ ಸಂಗ್ರಹದಿಂದ ಬಿಡಿಸಿ ತರಗತಿಗೆ ಮರಳಿಸಬೇಕು. ಹೊಸ ಯೋಜನೆ ರೂಪಿಸುವಾಗ ಅದನ್ನು ಜಾರಿ ಮಾಡುವ ಗುಮಾಸ್ತ, ನರ್ಸ್, ಗ್ರಾಮ ಲೆಕ್ಕಿಗರ ಅಭಿಪ್ರಾಯವನ್ನು ಮೊದಲೇ ಕೇಳಬೇಕು. ಪ್ರಾಮಾಣಿಕ ನೌಕರನಿಗೆ ವರ್ಗಾವಣೆಯೇ ಉಡುಗೊರೆಯಾಗುವ ಪದ್ಧತಿ ನಿಲ್ಲಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಬೇಕಾದದ್ದು ಅಧಿಕಾರವನ್ನು ಸ್ವಲ್ಪ ಕೆಳಕ್ಕೆ ಬಿಟ್ಟುಕೊಡುವ ಮನಸ್ಸು. ಹಾಜರಾತಿ ಯಂತ್ರಕ್ಕೆ ಟೆಂಡರ್ ಕರೆಯುವುದಕ್ಕಿಂತ ಇದು ಕಷ್ಟದ ಕೆಲಸ. ನಮ್ಮ ಆಡಳಿತ ಸುಲಭದ ದಾರಿಯನ್ನೇ ಮತ್ತೆ ಮತ್ತೆ ಹಿಡಿಯುತ್ತಿರುವುದು ಬಹುಶಃ ಅದಕ್ಕೇ.