ಅಂಗಳಕ್ಕೊಂದು ಕಣ್ಣು

ಕುಂದಗೋಳ ತಾಲೂಕಿನ ಕುಬಿಹಾಳದಂತಹ ಎರೆನಾಡಿನ ಊರುಗಳಲ್ಲಿ ಸುಗ್ಗಿ ಬಂದರೆ ಮನೆಮಂದಿಯೆಲ್ಲ ಹೊಲದಲ್ಲಿ. ಮನೆಗೆ ವೃದ್ಧರೇ ಕಾವಲು, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ. ಇಂಥಲ್ಲಿ ಹೊರಗೋಡೆಗೊಂದು ಕ್ಯಾಮೆರಾ ಆಡಂಬರವೆಂದು ನಾವು ಭಾವಿಸುವುದಿಲ್ಲ. ವೈಫೈ ಇಲ್ಲದ ಮನೆಗೆ ಸಿಮ್ ಹಾಕುವ ೪ಜಿ ಕ್ಯಾಮೆರಾ ಅನುಕೂಲ. ರೀಚಾರ್ಜಿನ ವೆಚ್ಚವೂ ಲೆಕ್ಕದಲ್ಲಿರಲಿ. ಧೂಳು-ಮಳೆ ತಾಳುವ ‘ಐಪಿ ೬೬’ ಗುರುತು ನೋಡಿ ಕೊಳ್ಳಬೇಕು. ಚಿತ್ರಗಳನ್ನು ಮೆಮೊರಿ ಕಾರ್ಡಿನಲ್ಲಿಯೇ ಇರಿಸಬಹುದು. ತುಂಬಿದಾಗ ಹಳೆಯದು ತಾನಾಗಿ ಅಳಿದು ಹೊಸದಕ್ಕೆ ಎಡೆಯಾಗುತ್ತದೆ. ಆದರೆ ಕಳ್ಳನು ಕ್ಯಾಮೆರಾವನ್ನೇ ಕಿತ್ತೊಯ್ದರೆ ಕಾರ್ಡೂ ಹೋಯಿತು! ಆದುದರಿಂದ ಒಂಬತ್ತು-ಹತ್ತು ಅಡಿ ಎತ್ತರದಲ್ಲಿ, ಮಾಳಿಗೆಯ ಅಂಚಿನಡಿ ಕೂಡಿಸುವುದು ಲೇಸು. ಕಾರ್ಖಾನೆ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು.

ಇನ್ನು ನೆರೆಹೊರೆಯ ಮಾತು. ಓಣಿ ಇಕ್ಕಟ್ಟಾದುದು, ನಮ್ಮ ಬಾಗಿಲು ಕಾಯುವ ಕಣ್ಣು ಎದುರುಮನೆಯ ಬಚ್ಚಲನ್ನು ನೋಡಲಾಗದು. ಕ್ಯಾಮೆರಾ ಕೂಡಿಸಿದ ದಿನವೇ ನೆರೆಯವರನ್ನು ಕರೆದು, ಮೊಬೈಲಿನಲ್ಲಿ ಏನು ಕಾಣುತ್ತದೆಂಬುದನ್ನು ಅವರಿಗೇ ತೋರಿಸಿರಿ.