ಹಲಗೆ ಹಾಸಿದರೆ ಸಾಲದು

ಬೆಂಗಳೂರಿನ ಉದ್ಯಾನಗಳಲ್ಲಿ, ಕೆರೆಯಂಚಿನಲ್ಲಿ ಮರದ ಹಲಗೆ ಹಾಸಿದ ಜಗಲಿಗಳು ಈಗ ಅಪರೂಪವಲ್ಲ. ಅವು ಕಣ್ಣಿಗೆ ಹಿತ. ಆದರೆ ಹಾಸುವ ದಿನದ ವೆಚ್ಚವಷ್ಟೇ ಅವುಗಳ ಬೆಲೆಯಲ್ಲ ಎಂಬುದನ್ನು ಆಡಳಿತ ಮನಗಾಣಬೇಕು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಮಾರ್ಚ್–ಏಪ್ರಿಲ್‌ನಲ್ಲಿ ಬಿರುಬಿಸಿಲು ಕಾಣುವ ಈ ಊರಿನಲ್ಲಿ ಮರ ಉಬ್ಬುತ್ತದೆ, ಕುಗ್ಗುತ್ತದೆ, ಸೀಳುತ್ತದೆ. ಮೇಲಿನ ಹಲಗೆ ಗಟ್ಟಿಯಾಗಿ ಕಂಡರೂ ಅಡಿಯ ತೊಲೆಯನ್ನು ತೇವ, ಗೆದ್ದಲು ತಿಂದುಹಾಕಿರಬಹುದು. ಅದರ ಮೇಲೆ ನಡೆಯುವವರು ಮಕ್ಕಳು, ವೃದ್ಧರು. ಆದ್ದರಿಂದ ಇದು ಅಂದದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಪ್ರತಿವರ್ಷ ಮುಂಗಾರಿಗೆ ಮುನ್ನ ಹಲಗೆ ತೊಳೆದು ಎಣ್ಣೆ ಬಳಿಯಬೇಕು. ನೀರು ಹರಿದುಹೋಗುವಂತೆ ಸಂದುಗಳ ಕಸ ತೆಗೆಯಬೇಕು. ತೊಲೆಗಳನ್ನು ತಪಾಸಣೆ ಮಾಡಬೇಕು. ತುಕ್ಕು ಹಿಡಿದ ಸ್ಕ್ರೂಗಳನ್ನು ಬದಲಿಸಬೇಕು. ತೇಗದ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಅಗ್ಗದ ಮರ ಬೇಗನೆ ಮತ್ತೆ ಖರ್ಚಿಗೆ ಎಳೆಯುತ್ತದೆ. ಅತಿ ಕಡಿಮೆ ದರದ ಟೆಂಡರ್ ಕೊನೆಯಲ್ಲಿ ಅತಿ ದುಬಾರಿಯಾಗುವುದು ಹೀಗೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನಕ್ಕೆ ಬಂದ ಐದು ನಗರ ಪಾಲಿಕೆಗಳು ಇಂಥ ಕಾಮಗಾರಿಗೆ ಮಂಜೂರಾತಿ ನೀಡುವ ಮೊದಲೇ ಹತ್ತು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕ ಹಾಕಲಿ. ನಿರ್ವಹಣೆಯ ಹಣವನ್ನು ಬಜೆಟ್‌ನಲ್ಲಿ ಪ್ರತ್ಯೇಕವಾಗಿ ತೆಗೆದಿರಿಸಲಿ. ಅದು ಸಾಧ್ಯವಿಲ್ಲವೆಂದಾದರೆ ಕಲ್ಲು ಚಪ್ಪಡಿಯೇ ಲೇಸು.