ಜೋಮು ಹಿಡಿದ ಕೈಗೆ ಒಂದು ಚೀಟಿ

ಬಿಸಿ ಕಾವಲಿ ತಗಲಿ ಬೊಬ್ಬೆಯೆದ್ದರೂ ನೋವರಿಯದ ಅಡುಗೆಯವನನ್ನು ಕೈ ಪಳಗಿದವನೆಂದು ಹೊಗಳುವ ಪದ್ಧತಿ ನಮ್ಮ ಹೋಟೆಲುಗಳಲ್ಲಿದೆ. ಅದು ಪಳಗಿದ್ದಲ್ಲ, ನರ ಕೆಡುತ್ತಿರುವ ಸೂಚನೆ. ಸಿಹಿಮೂತ್ರದಿಂದ ಪಾದಗಳು, ಮಣಿಕಟ್ಟಿನ ನರ ಅದುಮಿ ಬೆರಳುಗಳು ಜೋಮು ಹಿಡಿಯುವುದುಂಟು. ಗುಮಾಸ್ತರೂ ಇದಕ್ಕೆ ಹೊರತಲ್ಲ. ಕುಷ್ಠವೂ ಕೈಕಾಲಿನ ನರಗಳನ್ನೇ ಹಿಡಿಯುವ ರೋಗ. ಆ ಹೆಸರಿಗಂಜಿ ಎಷ್ಟೋ ಮಂದಿ ಎಣ್ಣೆ ತಿಕ್ಕುತ್ತ ತಿಂಗಳುಗಳನ್ನು ಕಳೆಯುವರು. ಕುಷ್ಠದಿಂದ ನರ ಕುಂದಿದ ಆರು ತಿಂಗಳೊಳಗೆ ತಕ್ಕ ಔಷಧ ದೊರೆತರೆ ಶಕ್ತಿ ಮರಳುವ ಸಂಭವವುಂಟು. ತಡವಾದರೆ ಬೆರಳು ಮಡಚಿಯೇ ಉಳಿಯಬಹುದು.

ಈ ಹೈದರಾಬಾದಿನ ಬಡಾವಣೆಗಳ ವೈದ್ಯರಲ್ಲಿ ನಮ್ಮ ವಿನಂತಿಯಿಷ್ಟೆ: ಅದೇ ಬಾಧೆಯಿಂದ ಎರಡನೆಯ ಸಲ ಬಂದವನಿಗೆ ಮತ್ತೊಂದು ಬಾಟಲಿ ಟಾನಿಕ್ಕು ಬೇಡ. ಉಸ್ಮಾನಿಯಾ ಆಸ್ಪತ್ರೆಗೋ ಪಂಜಾಗುಟ್ಟದ ನಿಮ್ಸ್‌ನ ನರರೋಗ ವಿಭಾಗಕ್ಕೋ ಚೀಟಿ ಬರೆದುಕೊಡಿ. ಜೋಮು ಎಂದಿನಿಂದ, ಯಾವ ಬೆರಳಿಗೆ, ರಕ್ತದ ಸಕ್ಕರೆಯೆಷ್ಟು ಎಂಬುದು ಅದರಲ್ಲಿರಲಿ. ತೆಲುಗು, ಉರ್ದು ಬಾರದ ಹುಡುಗ ಅಲ್ಲಿ ಏನೆಂದು ವಿವರಿಸಿಯಾನು?

ಇನ್ನು ಹೋಟೆಲು ಯಜಮಾನರು (ಈ ವರ್ಗವನ್ನು ನಾವು ಚೆನ್ನಾಗಿ ಬಲ್ಲೆವು) ಆ ದಿನದ ಸಂಬಳ ಹಿಡಿಯಕೂಡದು. ಕುಷ್ಠವೆಂದು ತಿಳಿದುಬಂದರೂ ಕೆಲಸ ಬಿಡಿಸಕೂಡದು. ಅದರ ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಔಷಧ ಆರಂಭಿಸಿದವನಿಂದ ರೋಗ ಹರಡುವ ಭಯವಿಲ್ಲ.